ಮೇಕೆ ದ್ವೀಪದ ರಕ್ಷಿತ ಕಡಲು

ನೆಲದ ಮೇಲಿನ ಒಂದು ಕಾಡನ್ನು ಕಾಪಾಡಬೇಕಾದರೆ ಮಾಡಬೇಕಾದುದೇನೆಂಬುದು ಎಲ್ಲರಿಗೂ ಗೊತ್ತು. ಸುತ್ತಲೂ ಗಡಿಕಲ್ಲುಗಳನ್ನು ನೆಡಬೇಕು, ಕೊಡಲಿಯೂ ಕೋವಿಯೂ ಒಳಕ್ಕೆ ಹೋಗದಂತೆ ಕಾವಲಿಡಬೇಕು, ಆಮೇಲೆ ಸುಮ್ಮನಿರಬೇಕು. ಆದರೆ ಕಡಲನ್ನು ಕಾಪಾಡುವ ಬಗೆ ಹೇಗೆ? ನೀರಿಗೆ ಬೇಲಿ ಹಾಕುವಂತಿಲ್ಲ. ಅಲೆಗೆ ಗಡಿಕಲ್ಲು ಲೆಕ್ಕಕ್ಕಿಲ್ಲ. ಮೀನಿಗೆ ಕಾಯಿದೆಯನ್ನು ಓದಲು ಬಾರದು. ಈ ದಿನ ಒಂದೆಡೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಕೆಲವು ವಾರಗಳಲ್ಲಿ ಹತ್ತಾರು ಕಿಲೋಮೀಟರುಗಳಾಚೆ ತೇಲುತ್ತಿರಬಹುದು. ಹೀಗಿರುವಾಗ, ನಕ್ಷೆಯ ಮೇಲೆ ಒಂದು ಗೆರೆಯನ್ನೆಳೆದು, ‘ಇದರೊಳಗಿನ ಕಡಲು ರಕ್ಷಿತವಾದುದು’ ಎಂದು ಸಾರಿದರೆ ಪ್ರಯೋಜನವುಂಟೆ? ಅದೂ ಆ ತುಣುಕು ಐದು ಕಿಲೋಮೀಟರು ಉದ್ದ, ಒಂದು ಕಿಲೋಮೀಟರಿಗೂ ಕಡಿಮೆ ಅಗಲವಾದುದಾದರೆ?

ಈ ಪ್ರಶ್ನೆಯನ್ನು ನ್ಯೂಜಿಲೆಂಡ್ ದೇಶದಲ್ಲಿ 1960ರ ದಶಕದಲ್ಲಿ ಎತ್ತಿದರು. ಸುಮಾರು ಹತ್ತು ವರ್ಷ ವಾದ ನಡೆಸಿದರು. ವಾದದಿಂದ ಬಗೆಹರಿಯದುದನ್ನು ಕೊನೆಗೆ ಪ್ರಯೋಗಕ್ಕೆ ಒಡ್ಡಿದರು. ಆ ಪ್ರಯೋಗ ಇಂದಿಗೂ ನಡೆಯುತ್ತಿರುವ ಸ್ಥಳವು ಆ ದೇಶದ ಅತಿ ದೊಡ್ಡ ನಗರವಾದ ಆಕ್ಲೆಂಡಿನಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿದೆ. ವಾಚಕರು ನಮ್ಮೊಡನೆ ಬರುವುದಾದರೆ ಅಲ್ಲಿಗೊಮ್ಮೆ ಹೋಗಿಬರೋಣ. ದಾರಿಖರ್ಚು ಬೇಡ; ತುಸು ಗಣಿತ ಜೊತೆಗಿದ್ದರೆ ಸಾಕು.

ವಾರ್ಕ್‌ವರ್ತ್ ಎಂಬ ಪಟ್ಟಣವನ್ನೂ, ಅಲ್ಲಿಂದ ಮುಂದೆ ಲೀ ಎಂಬ ಸಣ್ಣ ಮೀನುಗಾರರ ಹಳ್ಳಿಯನ್ನೂ ದಾಟಿದ ಮೇಲೆ, ಹುಲ್ಲುಗಾವಲಿನ ಗುಡ್ಡಗಳ ನಡುವಿನಿಂದ ರಸ್ತೆಯು ಒಂದು ಪುಟ್ಟ ಕೊಲ್ಲಿಗೆ ಇಳಿಯುತ್ತದೆ. ಎದುರಿಗೆ, ಈಜು ಬಲ್ಲವನು ಸುಲಭವಾಗಿ ಮುಟ್ಟಬಹುದಾದಷ್ಟು ಸಮೀಪದಲ್ಲಿ, ಗಿಡಮರ ತುಂಬಿದ ಸಣ್ಣ ದ್ವೀಪವೊಂದಿದೆ. ಬಿಳಿಯರು ಇದಕ್ಕೆ ಮೇಕೆ ದ್ವೀಪವೆಂದು ಹೆಸರಿಟ್ಟರು. ಅದಕ್ಕೂ ಬಹಳ ಹಿಂದಿನಿಂದ ಮಾವೊರಿ ಜನರು ಇದನ್ನು ‘ಟೆ ಹಾವೆರೆ-ಅ-ಮಾಕಿ’ ಎಂದು ಕರೆಯುತ್ತ ಬಂದಿರುವರು. ಈ ತೀರದ ಮಾವೊರಿ ಕುಲದ ಹೆಸರು ಙಾಟಿ ಮನುಹಿರಿ. (ನಮ್ಮ ವರ್ಣಮಾಲೆಯಲ್ಲಿ ಮಕ್ಕಳು ಬಾಯಿಪಾಠಕ್ಕಾಗಿ ಮಾತ್ರ ಕಲಿಯುವ ‘ಙ’ ಅಕ್ಷರಕ್ಕೆ ಆ ಭಾಷೆಯಲ್ಲಿ ದಿನವಹಿ ಕೆಲಸವುಂಟೆಂಬುದನ್ನು ಕಂಡು ನಮಗೆ ಸಂತೋಷವಾಯಿತು.) ಹೆಸರಿನಲ್ಲಿರುವ ಮೇಕೆಯನ್ನು ದ್ವೀಪದ ಮೇಲೆ ಹುಡುಕಬೇಕಾಗಿಲ್ಲ. ನೋಡತಕ್ಕುದೆಲ್ಲವೂ ನೀರಿನ ಒಳಗಿದೆ.

ಈ ಕೊಲ್ಲಿಯ ಎರಡು ಪಕ್ಕಗಳಿಗೂ ಚಾಚಿ, ರಾಡ್ನಿ ಭೂಶಿರದಿಂದ ಒಕಾಕರಿ ಮೊನೆಯವರೆಗೆ ಸುಮಾರು 5 ಕಿಲೋಮೀಟರು ತೀರವೂ, ಅಲ್ಲಿಂದ ಕಡಲೊಳಕ್ಕೆ 800 ಮೀಟರು ನೀರೂ ಸೇರಿ, 1975ರಲ್ಲಿ ಆ ದೇಶದ ಮೊದಲನೆಯ ಸಾಗರ ರಕ್ಷಿತಧಾಮವೆಂದು ಘೋಷಿಸಲ್ಪಟ್ಟವು. ತೀರ ಅಂಕುಡೊಂಕಾಗಿರುವುದರಿಂದಲೂ, ದ್ವೀಪವನ್ನು ಸುತ್ತಿಕೊಂಡು ಗಡಿರೇಖೆ ಹೋಗುವುದರಿಂದಲೂ ಒಟ್ಟು ವಿಸ್ತೀರ್ಣವು ಐದು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾಗಿತ್ತು. ಇಲ್ಲಿ ಯಾರು ಬೇಕಾದರೂ ಈಜಬಹುದು, ಮುಳುಗಬಹುದು, ಚಿತ್ರ ತೆಗೆಯಬಹುದು, ಗಾಜಿನ ತಳದ ದೋಣಿಯಲ್ಲಿ ಕುಳಿತು ಕೆಳಗಿನ ಲೋಕವನ್ನು ನೋಡಬಹುದು. ಆದರೆ ಗಾಳ ಹಾಕಬಾರದು, ಬಲೆ ಬೀಸಬಾರದು. ಒಂದು ಕಪ್ಪೆಚಿಪ್ಪನ್ನಾದರೂ ಜೇಬಿಗೆ ಹಾಕಿಕೊಂಡು ಹೋಗಬಾರದು. ನಿಯಮ ಇಷ್ಟೆ. ಇದರಲ್ಲಿ ವಿನಾಯಿತಿಗಳ ಪಟ್ಟಿಯಿಲ್ಲದಿರುವುದೇ ಇದರ ಬಲವೆಂದು ನಮ್ಮ ಅಭಿಪ್ರಾಯ.

ನೀರಿನೊಳಗಿನ ನೋಟ

ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿಯುತ್ತಲೇ ಮೀನುಗಳು ಬಳಿಗೆ ಬರುವುವು. ಶೃಂಗೇರಿಯಲ್ಲಿ ತುಂಗಾನದಿಯ ಮೆಟ್ಟಿಲುಗಳ ಬಳಿ ನಿಂತು ನೋಡಿದವರಿಗೆ ಇದು ಹೊಸತೇನಲ್ಲ. ಹಿಡಿಯುವ ಕೈಯನ್ನು ಕಾಣದ ಮೀನಿಗೆ ಮನುಷ್ಯನ ಭಯವಿರುವುದಿಲ್ಲ. ಶೃಂಗೇರಿಯಲ್ಲಿ ಯಾತ್ರಿಕರು ಪುರಿ ಎರಚುವಂತೆ ಇಲ್ಲಿಯೂ ಹಿಂದೆ ಜನರು ತಿಂಡಿಯನ್ನೆಸೆಯುತ್ತಿದ್ದರು; ಈಗ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳುತ್ತಾರೆ. ತಿಂಡಿಗಾಗಿ ಕಾದು ನಿಲ್ಲುವ ಮೀನು ಕಾಡುಮೀನಲ್ಲ, ಅರ್ಧ ಸಾಕುಮೀನು. ಸಹಜಸ್ಥಿತಿಯನ್ನು ತಿಳಿಯಲೆಂದು ಕಾಯ್ದಿಟ್ಟ ಜಾಗದಲ್ಲಿ ಅದು ಸಲ್ಲದು.

ಮುಳುಗುವ ಮುನ್ನ ಮುಖಕ್ಕೆ ಗಾಜಿನ ಮುಖವಾಡವನ್ನು ಕಟ್ಟಿಕೊಳ್ಳಬೇಕಷ್ಟೆ. ಏಕೆಂದು ಕೇಳಿದರೆ, ‘ಕಣ್ಣಿಗೆ ಉಪ್ಪುನೀರು ತಾಗದಿರಲೆಂದು’ ಎಂದು ವಿದ್ಯಾರ್ಥಿಗಳು ಉತ್ತರಿಸುವುದುಂಟು. ಅದು ಸಣ್ಣ ಕಾರಣ. ನಮ್ಮ ಕಣ್ಣು ಬೆಳಕನ್ನು ಬಾಗಿಸುವ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರು. ಅದರಲ್ಲಿ 43ರಷ್ಟು ಪಾಲು ಒಳಗಿನ ಮಸೂರದ್ದಲ್ಲ, ಕಣ್ಣಿನ ಹೊರಪರೆಯಾದ ಪಾರಪಟಲದ್ದು. ಗಾಳಿಯಿಂದ ಪಾರಪಟಲಕ್ಕೆ ನುಗ್ಗುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ನೀರಿನ ವಕ್ರೀಭವನಾಂಕ 1.33, ಪಾರಪಟಲದ್ದು ಸುಮಾರು 1.38, ಇವೆರಡಕ್ಕೂ ವ್ಯತ್ಯಾಸ ಅತ್ಯಲ್ಪವಾದುದರಿಂದ ನೀರಿನಲ್ಲಿ ತೆರೆದ ಕಣ್ಣಿಗೆ ಆ 43 ಡಯಾಪ್ಟರುಗಳು ಬಹುಮಟ್ಟಿಗೆ ನಷ್ಟವಾಗುವುವು. ಆಗ ಕಾಣುವುದು ಮಸಕು ಮಸಕಾದ ಹಸುರು ಗೋಡೆ ಮಾತ್ರ. ಮುಖವಾಡವು ಕಣ್ಣಿನ ಮುಂದೆ ಒಂದು ಹಿಡಿ ಗಾಳಿಯನ್ನು ತಂದಿಟ್ಟು ಕಳೆದುಹೋದ ಮಸೂರವನ್ನು ಮರಳಿ ಕೊಡುತ್ತದೆ.

ಆದರೆ ಇದಕ್ಕೊಂದು ಸುಂಕವುಂಟು. ನೀರಿನಿಂದ ಗಾಜಿನ ಮೂಲಕ ಗಾಳಿಗೆ ಬರುವ ಬೆಳಕು ಬಾಗುವುದರಿಂದ, 4 ಮೀಟರು ದೂರದಲ್ಲಿರುವ ಮೀನು 3 ಮೀಟರು ದೂರದಲ್ಲಿದ್ದಂತೆ ತೋರುತ್ತದೆ. ಕಣ್ಣಿನಲ್ಲಿ ಅದರ ಬಿಂಬ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. 45 ಸೆಂಟಿಮೀಟರಿನ ಮೀನನ್ನು ಕಂಡುಬಂದವನು 60 ಸೆಂಟಿಮೀಟರಿನದೆಂದು ಹೇಳಿದರೆ ಅವನನ್ನು ಸುಳ್ಳುಗಾರನೆನ್ನಬಾರದು. ಸ್ನೆಲ್ಲನ ನಿಯಮವೇ ಅವನ ಬಾಯಿಂದ ಮಾತಾಡುತ್ತಿದೆ. ಮೀನುಗಳ ಗಾತ್ರವನ್ನು ಕಣ್ಣಳತೆಯಿಂದ ಬರೆದುಕೊಳ್ಳುವ ಸಂಶೋಧಕರು ಈ ಭ್ರಮೆಯನ್ನು ಕಳೆಯಲು ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಬಣ್ಣದ ವಿಷಯದಲ್ಲಿಯೂ ಕಣ್ಣು ಮೋಸಹೋಗುವುದು. ಇಲ್ಲಿಯ ಮುಖ್ಯ ನಿವಾಸಿಯಾದ ಸ್ನ್ಯಾಪರ್ ಎಂಬ ಮೀನು ನೀರಿನಿಂದ ಹೊರಗೆ ತಾಮ್ರ ಬೆರೆತ ನಸುಗೆಂಪು ಮೈಯದು. ಮೇಲೆ ನೀಲಿಯ ಚುಕ್ಕೆಗಳು. ಕೆಳಗೆ ಹೋದಂತೆ ಆ ಕೆಂಪು ಅಳಿದು ಬೂದಿಬಣ್ಣ ಉಳಿಯುತ್ತದೆ. ಕೆಂಪು ಬೆಳಕು ಶುದ್ಧವಾದ ನೀರಿನಲ್ಲಿಯೂ ಪ್ರತಿ ಮೀಟರಿಗೆ ನೂರಕ್ಕೆ ಸುಮಾರು 30ರಂತೆ ಹೀರಲ್ಪಡುತ್ತದೆ. 5 ಮೀಟರು ಆಳದಲ್ಲಿ ಅದರ ಆರನೆಯ ಒಂದು ಭಾಗ ಉಳಿದೀತು. 10 ಮೀಟರಿನಲ್ಲಿ ನೂರಕ್ಕೆ ಮೂರು ಭಾಗ. ನೀಲಿ ಬೆಳಕಿನ ನಷ್ಟವಾದರೋ ಮೀಟರಿಗೆ ನೂರಕ್ಕೆ ಒಂದೆರಡು ಮಾತ್ರ. ಚಕ್ರಬಡ್ಡಿಯ ಲೆಕ್ಕವನ್ನು ತಿರುಗುಮುರುಗಾಗಿ ಮಾಡಿದವರಿಗೆ ಇದು ಕೂಡಲೇ ಅರ್ಥವಾಗುವುದು.

ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆವು. ಈಜುವವರು ಬಾಯಲ್ಲಿ ಕಚ್ಚಿಕೊಳ್ಳುವ ಉಸಿರುಕೊಳವೆಯು ಒಂದು ಮೊಳದಷ್ಟೇ ಉದ್ದವಿರುತ್ತದೆ. ಅದನ್ನು ಎರಡಾಳುದ್ದ ಮಾಡಿಕೊಂಡು ಕಡಲ ತಳದಲ್ಲಿ ನಡೆದಾಡಬಾರದೇಕೆಂದು ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುವರು. ಒಂದು ಮೀಟರು ಆಳದಲ್ಲಿ ನೀರಿನ ಹೆಚ್ಚುವರಿ ಒತ್ತಡ ವಾಯುಮಂಡಲದ ಒತ್ತಡದ ಹತ್ತನೆಯ ಒಂದು ಪಾಲು. ಎದೆಯ ವಿಸ್ತೀರ್ಣ ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗವೆಂದಿಟ್ಟುಕೊಂಡರೂ, ಅದರ ಮೇಲೆ ಬೀಳುವ ಬಲ ಒಂದು ಕ್ವಿಂಟಲ್ ಅಕ್ಕಿಮೂಟೆಯ ತೂಕಕ್ಕೆ ಸಮ. ಕೊಳವೆಯೊಳಗಿನ ಗಾಳಿ ಮೇಲಿನ ಒತ್ತಡದಲ್ಲಿಯೇ ಇರುವುದರಿಂದ, ಪ್ರತಿಯೊಂದು ಉಸಿರಿಗೂ ಎದೆಯು ಆ ಮೂಟೆಯನ್ನು ಎತ್ತಬೇಕು.

ಗೆರೆಯನ್ನೆಳೆದವರು

ಆಕ್ಲೆಂಡ್ ವಿಶ್ವವಿದ್ಯಾನಿಲಯವು 1962ರಲ್ಲಿ ಈ ಕೊಲ್ಲಿಯ ಮೇಲಣ ದಿಬ್ಬದಲ್ಲಿ ಒಂದು ಸಾಗರ ಪ್ರಯೋಗಾಲಯವನ್ನು ಸ್ಥಾಪಿಸಿತು. 1964ರಲ್ಲಿ ಅದರ ಮೊದಲ ನಿರ್ದೇಶಕರಾಗಿ ಬಂದವರು ಬಿಲ್ ಬ್ಯಾಲಂಟೈನ್ ಎಂಬ ಇಂಗ್ಲೆಂಡಿನ ತರುಣ ಜೀವವಿಜ್ಞಾನಿ. ಇವರ ಹಿಂದಿನ ಕೆಲಸವನ್ನು ಭೌತಶಾಸ್ತ್ರದವರಾದ ನಾವು ಹೇಳದೆ ಮುಂದೆ ಹೋಗಲಾರೆವು. ಬಂಡೆಗಳಿಂದ ಕೂಡಿದ ತೀರಕ್ಕೆ ಅಲೆಗಳು ಎಷ್ಟು ಬಲವಾಗಿ ಬಡಿಯುತ್ತವೆಂಬುದನ್ನು ಅಳೆಯುವುದು ಕಷ್ಟ. ಒಂದು ದಿನದ ಅಳತೆಯಿಂದ ಏನೂ ತಿಳಿಯದು. ಹತ್ತು ವರ್ಷ ಉಪಕರಣವನ್ನು ಇಟ್ಟರೆ ಅಲೆಯೇ ಅದನ್ನು ಒಡೆದುಹಾಕೀತು. ಬ್ಯಾಲಂಟೈನರು 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೊಂದು ಉಪಾಯವನ್ನು ಸೂಚಿಸಿದರು. ಬಂಡೆಗೆ ಅಂಟಿಕೊಂಡಿರುವ ಬಾರ್ನಕಲ್‌ಗಳು, ಚಿಪ್ಪುಹುಳುಗಳು, ಪಾಚಿಗಳು ವರ್ಷಗಟ್ಟಲೆ ಅಲೆಯ ಏಟನ್ನು ತಿಂದಿರುತ್ತವೆ. ಯಾವ ಜಾತಿ ಎಲ್ಲಿ ಎಷ್ಟು ಬೆಳೆದಿದೆ ಎಂಬುದನ್ನು ನೋಡಿದರೆ ಅಲೆಯ ಬಲ ತಾನಾಗಿಯೇ ತಿಳಿಯುತ್ತದೆ. ಹೀಗೆ ತೀರಗಳನ್ನು ಅತಿ ತೆರೆದ ತೀರದಿಂದ ಅತಿ ಮರೆಯಾದ ತೀರದವರೆಗೆ ಎಂಟು ದರ್ಜೆಗಳಾಗಿ ಅವರು ವಿಂಗಡಿಸಿದರು. ಜೀವಿಗಳನ್ನೇ ಮಾಪಕವನ್ನಾಗಿ ಮಾಡಿಕೊಂಡ ಈ ವಿಧಾನಕ್ಕೆ ನಾವು ತಲೆದೂಗಿದೆವು.

ಪ್ರಯೋಗಾಲಯ ಬಂದಿತಾದರೂ ಅದರ ಎದುರಿನ ಕಡಲು ಎಲ್ಲರದಾಗಿತ್ತು. ಸಂಶೋಧಕನು ಒಂದು ಬಂಡೆಯ ಮೇಲಿನ ಜೀವಿಗಳನ್ನು ಎಣಿಸಿ ಗುರುತುಹಾಕಿ ಹೋದರೆ, ಮುಂದಿನ ಸಲ ಬರುವಷ್ಟರಲ್ಲಿ ಅವು ಯಾರದೋ ಅಡಿಗೆಮನೆಯನ್ನು ಸೇರಿರಬಹುದಾಗಿತ್ತು. ಆದುದರಿಂದ 1965ರಲ್ಲಿ, ಪ್ರಯೋಗಾಲಯದ ಆಡಳಿತ ಸಮಿತಿಯ ಅಧ್ಯಕ್ಷರಾಗಿದ್ದ ಸಸ್ಯವಿಜ್ಞಾನಿ ಪ್ರೊಫೆಸರ್ ಚಾಪ್‌ಮನ್ನರು ಈ ತೀರವನ್ನು ಕಾಯ್ದಿರಿಸಬೇಕೆಂದು ಸಲಹೆ ಮಾಡಿದರು. ಕಡಲನ್ನು ಹಾಗೆ ಕಾಯ್ದಿರಿಸಲು ದೇಶದಲ್ಲಿ ಕಾನೂನೇ ಇರಲಿಲ್ಲ. ಸಾಗರ ರಕ್ಷಿತಧಾಮಗಳ ಶಾಸನ ಬಂದುದು 1971ರಲ್ಲಿ. ಘೋಷಣೆ ಆದುದು 1975ರಲ್ಲಿ. ವಿಧ್ಯುಕ್ತ ಪ್ರಾರಂಭ 1977ರಲ್ಲಿ.

ಈ ನಡುವೆ ಕೇಳಿಬಂದ ಆಕ್ಷೇಪಣೆಗಳಲ್ಲಿ ಒಂದು ನಮಗೆ ಬಹು ಮುಖ್ಯವಾಗಿ ತೋರುತ್ತದೆ: ಈ ಜಾಗದಲ್ಲಿ ಅಂಥ ವಿಶೇಷವೇನಿದೆ? ಹವಳದ ದಿಬ್ಬಗಳಿಲ್ಲ, ಬೇರೆಲ್ಲಿಯೂ ಕಾಣದ ಪ್ರಾಣಿಯಿಲ್ಲ, ಇಂಥ ತೀರ ಉದ್ದಕ್ಕೂ ಇದೆ. ಬ್ಯಾಲಂಟೈನರ ವಾದದ ಸಾರವೆಂದರೆ, ಸಾಮಾನ್ಯವಾಗಿರುವುದರಿಂದಲೇ ಅದನ್ನು ಕಾಯಬೇಕು ಎಂಬುದು. ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ಯಾವ ವಿದ್ಯಾರ್ಥಿಗೂ ಇದು ತಿಳಿಯುವ ಮಾತು. ಔಷಧದ ಗುಣವನ್ನು ಪರೀಕ್ಷಿಸುವಾಗ ಔಷಧ ಕೊಡದ ಒಂದು ಗುಂಪನ್ನು ಹೋಲಿಕೆಗಾಗಿ ಇಟ್ಟುಕೊಳ್ಳುವೆವಷ್ಟೆ? ಕಡಲಿನ ವಿಷಯದಲ್ಲಿ ಮನುಷ್ಯನು ತೀರದುದ್ದಕ್ಕೂ ‘ಮೀನು ಹಿಡಿಯುವುದು’ ಎಂಬ ಪ್ರಯೋಗವನ್ನು ನೂರಾರು ವರ್ಷಗಳಿಂದ ನಡೆಸುತ್ತ ಬಂದಿದ್ದಾನೆ. ಹೋಲಿಕೆಗೆಂದು ಒಂದು ಚೂರನ್ನೂ ಬಿಟ್ಟಿರಲಿಲ್ಲ. ಹಾಗೆ ಬಿಡುವ ಚೂರು ಉಳಿದವುಗಳಂತೆಯೇ ಇರಬೇಕಲ್ಲದೆ ಅಪೂರ್ವವಾದುದಾಗಿರಬಾರದು.

ಎಣಿಕೆಯ ಕಷ್ಟ

ಸರಿ, ಬಿಟ್ಟರು. ಏನಾಯಿತು? ಮೀನುಗಳು ಹೆಚ್ಚಿದವೆಂದು ಈಜುಗಾರರೆಲ್ಲರೂ ಹೇಳಿದರು. ಆದರೆ ಹೆಚ್ಚಿದವೆಂದು ತೋರುವುದಕ್ಕೂ ಹೆಚ್ಚುವುದಕ್ಕೂ ಭೇದವುಂಟು. ರಕ್ಷಿತ ನೀರಿನ ಮೀನು ಮನುಷ್ಯನನ್ನು ಕಂಡು ಹತ್ತಿರ ಬರುತ್ತದೆ. ಹೊರಗಿನ ಮೀನು ಕಂಡೊಡನೆ ಓಡುತ್ತದೆ. ಒಳಗೂ ಹೊರಗೂ ಸಮಸಂಖ್ಯೆಯ ಮೀನುಗಳಿದ್ದರೂ ಮುಳುಗಿ ಎಣಿಸುವವನಿಗೆ ಒಳಗೆ ಹೆಚ್ಚು, ಹೊರಗೆ ಕಡಿಮೆ ಸಿಕ್ಕೀತು. ನೋಡುವವನ ಇರವೇ ನೋಟವನ್ನು ಕೆಡಿಸುವ ಈ ತೊಡಕು ಭೌತಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪರಿಹಾರವಾಗಿ ಮನುಷ್ಯನನ್ನು ಬಿಟ್ಟು ಕ್ಯಾಮೆರಾವನ್ನು ಇಳಿಸಿದರು. ಚೌಕಟ್ಟಿನ ತಳದಲ್ಲಿ ಎರೆಯ ಡಬ್ಬಿ, ಮೇಲೆ ಕೆಳಮುಖವಾಗಿ ಕ್ಯಾಮೆರಾ. ಎರೆಯ ವಾಸನೆಗೆ ಮೀನುಗಳು ಬರುವುವು. ಒಂದೇ ಕ್ಷಣದಲ್ಲಿ ಚಿತ್ರದೊಳಗೆ ಕಂಡ ಅತಿಹೆಚ್ಚಿನ ಸಂಖ್ಯೆಯನ್ನು ಬರೆದುಕೊಳ್ಳುವರು. ಹೀಗೆ ಮಾಡಿದರೆ ಒಂದೇ ಮೀನನ್ನು ಎರಡು ಬಾರಿ ಎಣಿಸುವ ತಪ್ಪಾಗದು. ಚಿತ್ರದಿಂದ ಉದ್ದವನ್ನೂ ಅಳೆಯಬಹುದು. ಉತ್ತರ ನ್ಯೂಜಿಲೆಂಡಿನ ಮೂರು ರಕ್ಷಿತಧಾಮಗಳಲ್ಲಿ ಈ ಕ್ರಮದಿಂದ ಮಾಡಿದ ಎಣಿಕೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಮೇಕೆ ದ್ವೀಪವು ಆ ಮೂರರಲ್ಲೊಂದು. ಹಿಡಿಯಲು ಕಾನೂನಿನ ಸಮ್ಮತಿಯುಳ್ಳಷ್ಟು ದೊಡ್ಡವಾದ ಸ್ನ್ಯಾಪರ್ ಮೀನುಗಳು ಹೊರಗಿಗಿಂತ ಒಳಗೆ 14 ಪಟ್ಟು ದಟ್ಟವಾಗಿದ್ದವು. ಅವು ಇಡುವ ಮೊಟ್ಟೆಗಳ ಅಂದಾಜು ಮಾತ್ರ 14 ಪಟ್ಟಲ್ಲ, 18 ಪಟ್ಟು.

ಈ ವ್ಯತ್ಯಾಸಕ್ಕೆ ಕಾರಣವೇನು? ಇಲ್ಲಿ ಘನಫಲದ ನಿಯಮ ಕೆಲಸಮಾಡುತ್ತದೆ. ಆಕಾರ ಬದಲಾಗದೆ ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. 30 ಸೆಂಟಿಮೀಟರಿನ ಸ್ನ್ಯಾಪರ್ ಅರ್ಧ ಕಿಲೋಗ್ರಾಮಿನಷ್ಟು ತೂಗಿದರೆ 60 ಸೆಂಟಿಮೀಟರಿನದು ಸುಮಾರು ನಾಲ್ಕು ಕಿಲೋಗ್ರಾಮು. ಮೊಟ್ಟೆಗಳು ಹೊಟ್ಟೆಯ ಗಾತ್ರಕ್ಕೆ ಅನುಸಾರವಾಗಿರುವುದರಿಂದ ಒಂದು ಹಿರಿಯ ಮೀನು ಏಳೆಂಟು ಕಿರಿಯ ಮೀನುಗಳಿಗೆ ಸಮ. ಸ್ನ್ಯಾಪರ್ ಅರುವತ್ತು ವರ್ಷದವರೆಗೂ ಬದುಕಬಲ್ಲುದು. ನಮ್ಮ ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯಬಾರದೆಂಬ ನಿಯಮವಿದೆ. ಅದು ಕಾಲದ ಗಡಿ. ಆ ಗಡಿಯಿಂದ ಮೀನಿಗೆ ಒಂದು ಸಲ ಮರಿಮಾಡುವ ಬಿಡುವು ದೊರೆಯುವುದು ನಿಜ. ಆದರೆ ಮುದಿಯಾಗುವ ಅವಕಾಶ ಸ್ಥಳದ ಗಡಿಯಿಂದ ಮಾತ್ರ ಸಾಧ್ಯ.

ಬೋಳುಬಂಡೆಯ ಕಥೆ

ಇಷ್ಟೇ ಆಗಿದ್ದರೆ, ಹಿಡಿಯದೆ ಬಿಟ್ಟ ಮೀನು ಹೆಚ್ಚಿತು ಎಂದು ಒಂದು ವಾಕ್ಯದಲ್ಲಿ ಮುಗಿಸಬಹುದಾಗಿತ್ತು. ಯಾರೂ ಎದುರುನೋಡದಿದ್ದ ಸಂಗತಿ ನಡೆದುದು ಮೀನುಗಳಲ್ಲಿ ಅಲ್ಲ, ಬಂಡೆಗಳ ಮೇಲೆ.

ರಕ್ಷಣೆ ಬಂದ ಹೊಸತರಲ್ಲಿ ಇಲ್ಲಿಯ ಬಂಡೆಗಳ ನಕ್ಷೆಯನ್ನು ಮುಳುಗುಗಾರರು ಶ್ರಮಪಟ್ಟು ತಯಾರಿಸಿದ್ದರು. ತೀರದ ಬಳಿ ಒಂದೆರಡು ಮೀಟರು ಆಳದವರೆಗೆ ಕಂದುಪಾಚಿಗಳ ಪೊದೆ. ಅದರ ಕೆಳಗೆ ಬೋಳುಬಂಡೆಯ ವಿಶಾಲವಾದ ಪಟ್ಟಿ. ಇನ್ನೂ ಆಳದಲ್ಲಿ ಕೆಲ್ಪ್ ಎಂಬ ಎತ್ತರದ ಕಂದುಪಾಚಿಯ ವನ. ನಡುವಿನ ಬಂಡೆಗಳನ್ನು ಬೋಳುಮಾಡಿದ್ದುದು ಕೀನಾ. ಕೈಹಿಡಿಯಷ್ಟು ಗಾತ್ರದ, ಮೈತುಂಬ ಮುಳ್ಳುಗಳಿರುವ, ಚೆಂಡಿನಂಥ ಪ್ರಾಣಿಯಿದು. ಇದರ ಬಾಯಿ ಕೆಳಗಿದೆ. ಬಂಡೆಯ ಮೇಲೆ ನಿಧಾನವಾಗಿ ಸರಿಯುತ್ತ ಪಾಚಿಯ ಮೊಳಕೆಗಳನ್ನೆಲ್ಲ ಇದು ಕೆರೆದು ತಿನ್ನುತ್ತದೆ. ತೀರದ ಬಳಿ ಪಾಚಿ ಉಳಿದುದೇಕೆಂದರೆ ಅಲ್ಲಿ ಅಲೆಯ ಹೊಡೆತಕ್ಕೆ ಕೀನಾ ನಿಲ್ಲಲಾರದು. ಅಲೆಯಿಂದುಂಟಾಗುವ ನೀರಿನ ಚಲನೆ ಆಳಕ್ಕೆ ಹೋದಂತೆ ಬೇಗ ಬೇಗ ಕುಗ್ಗುತ್ತದೆ. ಆಳವಾದ ನೀರಿನಲ್ಲಿ ಅಲೆಯುದ್ದದ ಅರ್ಧದಷ್ಟು ಕೆಳಗೆ ಹೋದರೆ ಮೇಲಿನ ಚಲನೆಯ ನೂರಕ್ಕೆ ನಾಲ್ಕು ಭಾಗ ಮಾತ್ರ ಉಳಿದಿರುತ್ತದೆ. ಅಂದರೆ ಬೋಳುಪಟ್ಟಿಯ ಮೇಲಂಚನ್ನು ಗೊತ್ತುಮಾಡಿದವರು ಕೀನಾ ಮತ್ತು ಅಲೆ, ಇಬ್ಬರೂ ಕೂಡಿ.

ಈ ಬೋಳುಬಂಡೆಗಳು ಸಹಜವಾದುವೆಂದೇ ಎಲ್ಲರೂ ತಿಳಿದಿದ್ದರು. ತೀರದುದ್ದಕ್ಕೂ ಹಾಗೆಯೇ ಇತ್ತಲ್ಲವೆ? ಆದರೆ ವರ್ಷಗಳು ಕಳೆದಂತೆ ರಕ್ಷಿತ ನೀರಿನಲ್ಲಿ ದೊಡ್ಡ ಸ್ನ್ಯಾಪರುಗಳೂ, ಮುಳ್ಳುಮೈಯ ಲಾಬ್‌ಸ್ಟರುಗಳೂ ತುಂಬಿಕೊಂಡವು. ಇವೆರಡೂ ಕೀನಾವನ್ನು ಒಡೆದು ತಿನ್ನಬಲ್ಲವು. ಸಣ್ಣ ಸ್ನ್ಯಾಪರಿಗೆ ಅದು ಸಾಧ್ಯವಿಲ್ಲ, ದವಡೆಯ ಬಲ ಸಾಲದು. ಕೀನಾಗಳು ಕಡಿಮೆಯಾದವು, ಉಳಿದವು ಬಂಡೆಯ ಬಿರುಕುಗಳಲ್ಲಿ ಅಡಗಿದವು. ಮೇಯುವವರಿಲ್ಲದ ಬಂಡೆಯ ಮೇಲೆ ಕೆಲ್ಪ್ ಮೊಳೆಯಿತು. ಸುಮಾರು ಮೂವತ್ತು ವರ್ಷಗಳ ಮೇಲೆ ಮತ್ತೆ ನಕ್ಷೆ ಬರೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ, ಬೋಳುಪಟ್ಟಿಯ ಬಹುಭಾಗ ವನವಾಗಿ ಮಾರ್ಪಟ್ಟಿತ್ತು. ರಕ್ಷಿತಧಾಮದ ಹೊರಗೆ ಬೋಳುಬಂಡೆ ಹಾಗೆಯೇ ಇತ್ತು.

ಗಾಳಕ್ಕೂ ಪಾಚಿಗೂ ನಂಟನ್ನು ಯಾರು ಕಲ್ಪಿಸಿಕೊಂಡಿದ್ದರು! ದೊಡ್ಡ ಮೀನನ್ನು ಹಿಡಿದರೆ ಕೀನಾ ಹೆಚ್ಚುವುದು, ಕೀನಾ ಹೆಚ್ಚಿದರೆ ಕೆಲ್ಪ್ ಅಳಿಯುವುದು, ಕೆಲ್ಪ್ ಅಳಿದರೆ ಅದರ ಮರೆಯಲ್ಲಿ ಬಾಳುವ ಸಣ್ಣಪುಟ್ಟ ಜೀವಿಗಳೆಲ್ಲ ನೆಲೆ ಕಳೆದುಕೊಳ್ಳುವುವು. ಸಹಜವೆಂದು ಭಾವಿಸಿದ್ದ ಬೋಳುಬಂಡೆಗಳಲ್ಲಿ ಬಹುಪಾಲು ಮನುಷ್ಯನ ಕೈಕೆಲಸವೆಂಬುದನ್ನು, ಹೋಲಿಕೆಗೆಂದು ಬಿಟ್ಟ ಆ ಒಂದು ಚೂರು ಇಲ್ಲದಿದ್ದರೆ ತಿಳಿಯುವ ಮಾರ್ಗವೇ ಇರುತ್ತಿರಲಿಲ್ಲ.

ಗಡಿಯ ರೇಖಾಗಣಿತ

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಇಷ್ಟು ಸಣ್ಣ ತುಣುಕು ಮೀನನ್ನು ಹೇಗೆ ಕಾಪಾಡೀತು? ಉತ್ತರವು ಮೀನು ಎಷ್ಟು ಅಲೆಯುತ್ತದೆಂಬುದನ್ನು ಅವಲಂಬಿಸಿದೆ. ಇದನ್ನು ತಿಳಿಯಲು ಮೀನುಗಳ ಮೈಯೊಳಗೆ ಸದ್ದು ಹೊರಡಿಸುವ ಪುಟ್ಟ ಯಂತ್ರವನ್ನಿಟ್ಟು ಬಿಟ್ಟರು. ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ಬಹುದೂರ ಹೋಗಲಾರವು. ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಲ್ಲಿ ಸಾಗುತ್ತದೆ. ಮೂರು ಕಡೆ ತೇಲಿಬಿಟ್ಟ ಗ್ರಾಹಕಗಳಿಗೆ ಒಂದೇ ಸದ್ದು ಬೇರೆ ಬೇರೆ ಹೊತ್ತಿಗೆ ತಲುಪುವುದು. ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ವ್ಯತ್ಯಾಸವೆಂದರೆ ಒಂದೂವರೆ ಮೀಟರು. ಇದರಿಂದ ಮೀನಿನ ಸ್ಥಾನವನ್ನು ಗುರುತಿಸುವರು. ಹೀಗೆ ನೋಡಿದಾಗ ಇಲ್ಲಿಯ ಎಷ್ಟೋ ಸ್ನ್ಯಾಪರುಗಳು ಕೆಲವು ನೂರು ಮೀಟರುಗಳ ವ್ಯಾಪ್ತಿಯಲ್ಲಿಯೇ ಮನೆಮಾಡಿಕೊಂಡಿದ್ದುದು ತಿಳಿದುಬಂದಿತು.

ಲೆಕ್ಕಕ್ಕಾಗಿ ರಕ್ಷಿತಧಾಮವನ್ನು 5 ಕಿಲೋಮೀಟರು ಉದ್ದ, 0.8 ಕಿಲೋಮೀಟರು ಅಗಲದ ಆಯತವೆಂದು ಭಾವಿಸೋಣ. ಒಂದು ಪಕ್ಕ ತೀರವಾದುದರಿಂದ ಅತ್ತ ಅಪಾಯವಿಲ್ಲ. ಮೀನು ತನ್ನ ನೆಲೆಯಿಂದ ಎತ್ತಲಾದರೂ 200 ಮೀಟರು ತಿರುಗಾಡುತ್ತದೆಂದುಕೊಳ್ಳೋಣ. ಅದು ಎಂದೂ ಗಡಿ ದಾಟದಿರಬೇಕಾದರೆ ಅದರ ನೆಲೆ ಗಡಿಯಿಂದ 200 ಮೀಟರು ಒಳಗಿರಬೇಕು. ಹಾಗೆ ಪೂರ್ಣಕ್ಷೇಮವಾದ ಜಾಗ 4.6 ಗುಣಿಸು 0.6, ಅಂದರೆ 2.76 ಚದರ ಕಿಲೋಮೀಟರು. ಒಟ್ಟು 4ರಲ್ಲಿ ನೂರಕ್ಕೆ 69. ಉದ್ದಗಲಗಳೆರಡನ್ನೂ ಅರ್ಧಮಾಡಿದರೆ ಕ್ಷೇಮದ ಪಾಲು ನೂರಕ್ಕೆ 42ಕ್ಕೆ ಇಳಿಯುತ್ತದೆ. ಎರಡರಷ್ಟು ಮಾಡಿದರೆ 84ಕ್ಕೆ ಏರುತ್ತದೆ. ರಕ್ಷಿತಧಾಮ ಸಣ್ಣದಾದಷ್ಟೂ ಅದು ಹೆಚ್ಚು ಹೆಚ್ಚಾಗಿ ಬರಿಯ ಅಂಚಾಗುತ್ತ ಹೋಗುವುದು. ನಮ್ಮ ಕಾಡುಗಳ ವಿಷಯದಲ್ಲಿಯೂ ಲೆಕ್ಕ ಇದೇ.

ಮೀನು ಒಳಗಿದ್ದರೂ ಮೊಟ್ಟೆಗಳು ಒಳಗಿರಬೇಕಾದುದಿಲ್ಲ. ಅವು ನೀರಿನಲ್ಲಿ ತೇಲುವುವು. ಒಡೆದು ಬಂದ ಮರಿಯೂ ಮೂರು ನಾಲ್ಕು ವಾರ ಪ್ರವಾಹದೊಡನೆ ಅಲೆಯುವುದು. ಹೊರಗಿನ ಕಡಲಿನಲ್ಲಿ ಸಿಕ್ಕ ಒಂದು ಮರಿ ಮೇಕೆ ದ್ವೀಪದ್ದೆಂದು ಹೇಳುವುದು ಹೇಗೆ? ಇದಕ್ಕೆ ವಂಶವಾಹಿಗಳ ಪರೀಕ್ಷೆಯನ್ನು ಬಳಸಿದರು. ರಕ್ಷಿತಧಾಮದ ದೊಡ್ಡ ಮೀನುಗಳಿಂದಲೂ, ಹೊರಗಿನ ಮರಿಗಳಿಂದಲೂ ಚೂರು ಅಂಗಾಂಶವನ್ನು ತೆಗೆದು, ತಂದೆತಾಯಿಗಳ ನಂಟನ್ನು ಗೊತ್ತುಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುತ್ತಣ ಸುಮಾರು 400 ಚದರ ಕಿಲೋಮೀಟರು ಕಡಲಿನಲ್ಲಿ ಹೊಸದಾಗಿ ನೆಲೆಸಿದ ಮರಿಗಳಲ್ಲಿ ನೂರಕ್ಕೆ ಸುಮಾರು 11 ಈ ಪುಟ್ಟ ತುಣುಕಿನ ಮೀನುಗಳ ಸಂತಾನ; 40 ಕಿಲೋಮೀಟರು ದೂರದವರೆಗೂ ಅವು ಕಂಡವು. ರಕ್ಷಿತಧಾಮವು ಆ 400 ಚದರ ಕಿಲೋಮೀಟರುಗಳ ನೂರಕ್ಕೆ 1.3 ಪಾಲು ಮಾತ್ರ. ತನ್ನ ಪಾಲಿಗೆ ಬಂದುದಕ್ಕಿಂತ ಎಂಟು ಪಟ್ಟು ಅದು ಕೊಡುತ್ತಿತ್ತೆಂದಾಯಿತು. ಗಾಳ ಹಿಡಿದು ಹೊರಗೆ ಕಾದಿರುವವನ ಬುಟ್ಟಿಗೂ ಅದರ ಪಾಲು ಬೀಳುತ್ತಿತ್ತು.

ಲಾಬ್‌ಸ್ಟರಿನ ಕಥೆ ಇಷ್ಟು ಸುಖವಾದುದಲ್ಲ. ಅದು ವರ್ಷದ ಕೆಲವು ಕಾಲದಲ್ಲಿ ಬಂಡೆಗಳನ್ನು ಬಿಟ್ಟು, ಚಿಪ್ಪುಜೀವಿಗಳನ್ನು ತಿನ್ನಲು ಆಳದ ಮರಳುನೆಲದ ಕಡೆಗೆ ನಡೆದುಹೋಗುತ್ತದೆ. 800 ಮೀಟರುಗಳ ಗಡಿ ಅದರ ದಾರಿಗೆ ಅಡ್ಡವಾಗಿಯೇ ಬೀಳುತ್ತಿತ್ತು. ಗಡಿಯ ಆಚೆಗೆ ಸಾಲಾಗಿ ಬೋನುಗಳನ್ನು ಇಳಿಸಿ ಕಾಯುತ್ತಿದ್ದ ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಕ್ಷಿತಧಾಮ ಬೇಡವೆಂದು ಮೊದಲು ವಿರೋಧಿಸಿದವರಲ್ಲಿ ಮೀನುಗಾರರೂ ಇದ್ದರೆಂಬುದನ್ನು ನೆನೆದರೆ ನಗು ಬರುತ್ತದೆ. ಅವರು ಕಾನೂನನ್ನು ಮೀರಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ 200 ಮೀಟರುಗಳ ಬದಲು ಒಂದು ಕಿಲೋಮೀಟರನ್ನು ಹಾಕಿ ನೋಡಿದರೆ ಪೂರ್ಣಕ್ಷೇಮದ ಜಾಗ ಸೊನ್ನೆ. ಸುತ್ತಣ ಕಡಲಿನಲ್ಲಿ ಲಾಬ್‌ಸ್ಟರ್ ಕಡಿಮೆಯಾಗುತ್ತ ಬಂದಂತೆ, ರಕ್ಷಿತ ನೀರಿನಲ್ಲಿಯೂ ಅವುಗಳ ಸಂಖ್ಯೆ ಇಳಿದುದನ್ನು 2010ರ ದಶಕದ ಎಣಿಕೆಗಳು ತೋರಿಸಿದವು.

ಬ್ಯಾಲಂಟೈನರು 1996ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯನ್ನು ಪಡೆದು, 2015ರಲ್ಲಿ ತೀರಿಕೊಂಡರು. ಒಂದು ರಕ್ಷಿತಧಾಮ ಸಾಲದು, ಪ್ರತಿಯೊಂದು ಬಗೆಯ ಕಡಲಿನಿಂದಲೂ ಮಾದರಿಗಳನ್ನಾರಿಸಿ ಜಾಲದಂತೆ ಹೆಣೆಯಬೇಕೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಕಡಲ ಕಡೆಯ ಗಡಿಯನ್ನು ಮುಂದಕ್ಕೆ ಸರಿಸಬೇಕೆಂಬ ಬೇಡಿಕೆಯೂ ಬಹಳ ವರ್ಷಗಳಿಂದ ಇತ್ತು. ಕೊನೆಗೆ 2025ರಲ್ಲಿ ನ್ಯೂಜಿಲೆಂಡಿನ ಸಂಸತ್ತು ಆಕ್ಲೆಂಡಿನ ಎದುರಿನ ಹೌರಾಕಿ ಕೊಲ್ಲಿಯ ರಕ್ಷಣೆಗಾಗಿ ಅಂಗೀಕರಿಸಿದ ಶಾಸನದಲ್ಲಿ ಈ ರಕ್ಷಿತಧಾಮದ ವಿಸ್ತರಣೆಯೂ ಸೇರಿತು. ಅಗಲವನ್ನು 0.8ರ ಬದಲು 3 ಕಿಲೋಮೀಟರೆಂದಿಟ್ಟುಕೊಂಡು, ಒಂದು ಕಿಲೋಮೀಟರು ಅಲೆಯುವ ಲಾಬ್‌ಸ್ಟರಿಗೆ ಎಷ್ಟು ಜಾಗ ಪೂರ್ಣಕ್ಷೇಮವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಉತ್ತರ 6 ಚದರ ಕಿಲೋಮೀಟರು ಬರಬೇಕು.